ಹನ್ನೊಂದನೇ ವಾರಕ್ಕೆ ಬಂದ ಮಾತ್ರೆ



ಕಳೆದ ಭಾನುವಾರ ದೊಡ್ಡಬಳ್ಳಾಪುರದಲ್ಲಿ ನಮ್ಮ ಸಂಘಟನೆಯ ಸಭೆ ಇತ್ತು. ಸ್ಮಶಾನದ ಜಾಗ, ಹಾಸ್ಟೆಲ್ ಊಟ, ದರಖಾಸ್ತು ಜಮೀನಿನ ಖಾತೆ ಎಲ್ಲಾ ಚರ್ಚೆ ಆದಮೇಲೆ ಕೊನೆಗೆ ನಾನೊಂದು ಮಾತು ಎತ್ತಿದೆ. ಮದುವೆಯಾದ ಹೆಣ್ಣುಮಕ್ಕಳಿಗೆ ಬಸುರಾಗೋ ಮೊದಲೇ ಫೋಲಿಕ್ ಆಸಿಡ್ ಮಾತ್ರೆ ಕೊಡಿ ಅಂತ ತಾಲ್ಲೂಕು ಆರೋಗ್ಯಾಧಿಕಾರಿಗೆ ಒಂದು ಮನವಿ ಕೊಡೋಣ ಅಂದೆ. ಒಬ್ಬ ಹುಡುಗ ನಕ್ಕ. ಕೊಂಕು ನಗು ಅಲ್ಲ, ಒಳ್ಳೆ ಹುಡುಗನೇ. "ಅಕ್ಕಾ, ಇದು ಆಶಾದವರ ಕೆಲಸ. ನಮ್ಮ ಹೋರಾಟಕ್ಕೂ ಇದಕ್ಕೂ ಏನು ಸಂಬಂಧ?" ಅಂದ. ನನಗೆ ಆರೂವರೆ ಬಸ್ಸು ಹಿಡೀಬೇಕಿತ್ತು, ಉತ್ತರ ಕೊಡೋಕೆ ಆಗಲಿಲ್ಲ. ಅದನ್ನ ಇಲ್ಲಿ ಬರೀತಿದೀನಿ. ಉದ್ದ ಆಗುತ್ತೆ, ಸ್ವಲ್ಪ ತಾಳ್ಮೆಯಿಂದ ಓದಿ.

ನನ್ನ ಅಕ್ಕನ ಮಗಳು ಗಾರ್ಮೆಂಟ್ಸ್‌ಗೆ ಹೋಗ್ತಾಳೆ. ಹೆಸರು ಬೇಡ. ಎಸ್ಸೆಸ್ಸೆಲ್ಸಿ ಮುಗಿಸಿ ಎರಡು ವರ್ಷಕ್ಕೇ ಹೊಲಿಗೆ ಮಿಷನ್ ಮುಂದೆ ಕೂತವಳು. ಇಪ್ಪತ್ತೊಂದಕ್ಕೆ ಮದುವೆ, ಮಾರನೇ ವರ್ಷ ಹೆರಿಗೆ. ಹುಟ್ಟಿದ ಮಗುವಿನ ಸೊಂಟದ ಹತ್ರ ನಿಂಬೆಹಣ್ಣಿನಷ್ಟು ಒಂದು ಗಂಟು, ಮೇಲೆ ತೆಳ್ಳಗೆ ಪೊರೆ. ನಾನು ಆಸ್ಪತ್ರೆಗೆ ಹೋದಾಗ ಅವಳು ಮಗುವಿನ ಕಡೆ ನೋಡ್ತಿರಲಿಲ್ಲ, ಗೋಡೆ ಕಡೆ ತಿರುಗಿ ಮಲಗಿದ್ದಳು. ಸ್ಪೈನಾ ಬೈಫಿಡಾ ಅಂತ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟರು. ಬೆನ್ನುಹುರಿ ಮುಚ್ಚಿಕೊಳ್ಳಬೇಕಾದ ಕಡೆ ಮುಚ್ಚಿಕೊಂಡಿಲ್ಲ ಅಂತ ಅರ್ಥ. ಮೂರನೇ ದಿನ ಬೆಂಗಳೂರಿನಲ್ಲಿ ಆಪರೇಷನ್ ಆಯ್ತು. ಮಗು ಉಳೀತು. ಈಗ ಅವನಿಗೆ ಮೂರು ವರ್ಷ. ಮಾತಿನಮಲ್ಲ, ನನ್ನ ಫೋನು ಕಿತ್ಕೊಂಡು ಯಾರ್‍ಯಾರಿಗೋ ಕಾಲ್ ಮಾಡ್ತಾನೆ. ಕಾಲಲ್ಲಿ ಶಕ್ತಿ ಇಲ್ಲ, ನೆಲದ ಮೇಲೆ ತೆವಳ್ತಾನೆ. ಮೂತ್ರ ತಾನಾಗೇ ಹೋಗಲ್ಲ. ನಾಲ್ಕು ಗಂಟೆಗೊಂದು ಸಲ ಸಣ್ಣ ನಳಿಕೆ ಹಾಕಿ ತೆಗೀಬೇಕು. ರಾತ್ರಿ ಕೂಡ ಅಲಾರಾಂ ಇಟ್ಟು ಎದ್ದೇಳ್ತಾಳೆ ನಮ್ಮ ಹುಡುಗಿ. ಬೆಳಗ್ಗೆ ಎಂಟಕ್ಕೆ ಫ್ಯಾಕ್ಟರಿ ಬಸ್ಸು.

ಮನೆಯವರು ಏನೆಲ್ಲಾ ಅಂದ್ರು ಅನ್ನೋದನ್ನ ಹೇಳ್ಲೇಬೇಕು. "ಗ್ರಾಣದ ದಿನ ವಸ್ಲು ದಾಟಿದ್ಲು, ಅದ್ಕೇಯ" ಅಂತ ಅತ್ತೆ. ನಾಗದೋಷ, ಘಾಟಿಗೆ ಹೋಗಿ ನಾಗರಕಲ್ಲು ನಿಲ್ಸಿ ಅಂತ ಇನ್ಯಾರೋ. ಕೇರಿಯಲ್ಲಿ ಬಾಬಾಸಾಹೇಬರ ಫ್ಲೆಕ್ಸು ಕಟ್ಟೋ ನಮ್ಮ ಭಾವನೇ "ಹಿಂದಿನ ಜನ್ಮದ್ದು ಏನೈತೋ" ಅಂದುಬಿಟ್ಟರು. ನನಗೆ ಗ್ರಹಣಕ್ಕಿಂತ ಆ ಮಾತು ಜಾಸ್ತಿ ಚುಚ್ಚಿತು. ಯಾವ ಕರ್ಮದ ಲೆಕ್ಕ ತೋರಿಸಿ ನಮ್ಮನ್ನ ಊರ ಹೊರಗೆ ಇಟ್ಟಿದ್ರೋ, ಅದೇ ಲೆಕ್ಕಾನ ನಾವು ನಮ್ಮ ಮನೆ ಬಾಣಂತಿ ತಲೆಗೆ ಕಟ್ಟೋದಾ?

ನಾನು ಒಂದು ಖಾಸಗಿ ಆಫೀಸಿನಲ್ಲಿ ಗುಮಾಸ್ತೆ. ಇಪ್ಪತ್ತು ವರ್ಷದಿಂದ ಕಾಗದದ ಮೇಲಿನ ತಾರೀಖು ನೋಡೋದೇ ಕಸುಬು. ಅವಳ ತಾಯಿ ಕಾರ್ಡು ತೆಗೆದು ನೋಡಿದೆ. ಕೊನೇ ಮುಟ್ಟಿನ ತಾರೀಖು ಒಂದು ಕಡೆ ಇದೆ, ಹೆಸರು ನೋಂದಾಯಿಸಿದ ತಾರೀಖು ಇನ್ನೊಂದು ಕಡೆ. ನಡುವೆ ಹನ್ನೊಂದು ವಾರ. ಫೋಲಿಕ್ ಆಸಿಡ್ ಮಾತ್ರೆ ಕೊಟ್ಟಿದ್ದು ನೋಂದಣಿ ದಿನವೇ, ಒಂದು ದಿನವೂ ತಡ ಮಾಡಿಲ್ಲ. ಸಿಸ್ಟರ್ ತಪ್ಪಿಲ್ಲ, ಆಶಾ ತಪ್ಪಿಲ್ಲ. ಕಾರ್ಡು ಪಕ್ಕಾ ಇದೆ.

ಆದರೆ ಮಗುವಿನ ಬೆನ್ನುಹುರಿ ಆಗೋ ನಾಳ ಮುಚ್ಚಿಕೊಳ್ಳೋದು ಗರ್ಭ ನಿಂತ 28 ದಿನದೊಳಗೆ. ಮುಟ್ಟಿನ ಲೆಕ್ಕದಲ್ಲಿ ಆರು ವಾರ. ಅಂದ್ರೆ ಮುಟ್ಟು ನಿಂತು ಎರಡು ವಾರ ಆಗಿರುತ್ತೆ ಅಷ್ಟೇ. ಕೆಲಸದ ಸುಸ್ತಿಗೆ ತಡ ಆಗಿರಬೇಕು ಅಂತ ಬಹಳ ಹೆಂಗಸರು ಅಂದುಕೊಂಡಿರ್ತಾರೆ, ಗಂಡನಿಗೂ ಹೇಳಿರಲ್ಲ. ಅಷ್ಟರಲ್ಲಿ ಮುಚ್ಚಬೇಕಾದ್ದು ಮುಚ್ಚಿ ಆಯ್ತು, ಇಲ್ಲಾ ತೆರೆದೇ ಉಳೀತು. ನಮ್ಮ ಹುಡುಗಿಗೆ ಮಾತ್ರೆ ಸಿಕ್ಕಿದ್ದು ಅದಾಗಿ ಐದು ವಾರದ ಮೇಲೆ. ಅರ್ಜಿ ಕೊನೇ ದಿನ ಕಳೆದಮೇಲೆ ಇನ್‌ವರ್ಡ್ ಆದ ಹಾಗೆ.

ಇದು ಹೊಸ ಸುದ್ದಿ ಏನಲ್ಲ. 1991ರಲ್ಲೇ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 7 ದೇಶಗಳ 33 ಕೇಂದ್ರಗಳಲ್ಲಿ ಮಾಡಿದ ಅಧ್ಯಯನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮೊದಲೊಂದು ಸಲ ಇಂಥ ಮಗು ಆಗಿದ್ದ ತಾಯಂದಿರಿಗೆ ಮುಂದಿನ ಬಸುರಿಗೆ ಮೊದಲಿಂದಲೇ ಫೋಲಿಕ್ ಆಸಿಡ್ ಕೊಟ್ಟರೆ ಮತ್ತೆ ಹಾಗಾಗೋದು 72% ತಪ್ಪುತ್ತೆ ಅಂತ ಗೊತ್ತಾಯ್ತು. ಮೊದಲ ಬಸುರಿನವರಿಗೂ ಉಪಯೋಗ ಇದೆ ಅಂತ ಆಮೇಲಿನ ಅಧ್ಯಯನಗಳು ತೋರಿಸಿದವು. ಅಮೆರಿಕದವರು 1998ರಿಂದ ಹಿಟ್ಟಿಗೇ ಬೆರೆಸೋದನ್ನ ಕಡ್ಡಾಯ ಮಾಡಿದರು. 2023ರ ಮೇನಲ್ಲಿ ವಿಶ್ವ ಆರೋಗ್ಯ ಸಭೆ ಈ ವಿಷಯಕ್ಕೇ ಒಂದು ನಿರ್ಣಯ ಮಾಡಿತು. ನಮ್ಮ ಮಗುವಿಗೆ ಖಂಡಿತ ಹೀಗಾಗ್ತಿರಲಿಲ್ಲ ಅಂತ ನಾನು ಹೇಳಲ್ಲ, ಎಲ್ಲವನ್ನೂ ಮಾತ್ರೆ ತಡೆಯಲ್ಲ. ಆದರೆ ಅವಳಿಗೆ ಆ ಅವಕಾಶವೇ ಸಿಗಲಿಲ್ಲವಲ್ಲ, ನನ್ನ ತಕರಾರು ಅಷ್ಟು.

"ಸರ್ಕಾರದ ಸ್ಕೀಮು ಇದೆಯಲ್ಲ ಅಕ್ಕಾ" ಅಂತೀರ. ಇದೆ. 2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಪ್ರಕಾರ ಹದಿಹರೆಯದ ಹುಡುಗಿಯರಿಗೆ ವಾರಕ್ಕೊಂದು ನೀಲಿ ಮಾತ್ರೆ, ಬಸುರಿಯಲ್ಲದ ಹೆಂಗಸರಿಗೂ ವಾರಕ್ಕೊಂದು ಕೆಂಪು ಮಾತ್ರೆ. ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡೋ ನಿಮ್ಮ ಮನೆ ಹೆಣ್ಣುಮಕ್ಕಳನ್ನ ಕೇಳಿ ನೋಡಿ, ಕೆಂಪು ಮಾತ್ರೆ ಯಾರು ತಂದು ಕೊಟ್ರು ಅಂತ. ಆಶಾ ಕೇರಿಗೆ ಬರೋ ಹೊತ್ತಿಗೆ ಇವರು ಮಿಷನ್ ಮುಂದೆ ಇರ್ತಾರೆ. ಇನ್ನೊಂದು ವಿಷಯ ಇದೆ, ಇದು ಲೆಕ್ಕದ್ದು. ಬೆನ್ನುಹುರಿ ದೋಷ ತಡೆಯೋಕೆ ದಿನಕ್ಕೆ 400 ಮೈಕ್ರೋಗ್ರಾಂ ಬೇಕು. ವಾರಕ್ಕೊಂದೇ ಮಾತ್ರೆ ಅಂದ್ರೆ ಅದರಲ್ಲಿ 2,800 ಇರಬೇಕು, ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಅದನ್ನೇ. ನಮ್ಮ ವಾರದ ಮಾತ್ರೆಯಲ್ಲಿ ಇರೋದು 500. ಏಳು ದಿನ ದುಡಿಸಿಕೊಂಡು ಒಂದು ದಿನದ ಕೂಲಿ ಕೊಟ್ಟ ಹಾಗೆ.

ರೇಷನ್ ಅಕ್ಕಿಗೂ ಬೆರೆಸ್ತಿದ್ದರು. ಬೆಳ್ಳಗಿರೋ ಆ ಕಾಳನ್ನ ಪ್ಲಾಸ್ಟಿಕ್ ಅಕ್ಕಿ ಅಂತ ನಮ್ಮವ್ವ ಮೊರದಲ್ಲಿ ಹಾಕಿ ಆರಿಸಿ ಎಸೀತಿದ್ದಳು. ಅದು ಪ್ಲಾಸ್ಟಿಕ್ ಅಲ್ಲ, ಎಸೀಬೇಡಿ. ಆದರೆ ಒಂದು ಕೆಜಿ ಅಕ್ಕಿಗೆ ಸುಮಾರು 100 ಮೈಕ್ರೋಗ್ರಾಂ ಅಷ್ಟೇ. ದಿನಕ್ಕೆ ನಾಲ್ಕು ಕೆಜಿ ಅನ್ನ ಉಂಡು ಯಾರೂ ಬಸುರಾಗಲ್ಲ.

ಈಗ ಆ ಹುಡುಗನ ಪ್ರಶ್ನೆಗೆ ಬರ್ತೀನಿ, ಹೋರಾಟಕ್ಕೂ ಇದಕ್ಕೂ ಏನು ಸಂಬಂಧ ಅಂದನಲ್ಲ. ಈ ಫೋಲಿಕ್ ಆಸಿಡ್‌ನ ಕತೆ ಶುರುವಾಗಿದ್ದೇ ಬಾಂಬೆಯಲ್ಲಿ. 1928ರಲ್ಲಿ ಲೂಸಿ ವಿಲ್ಸ್ ಅಂತ ಒಬ್ಬ ಇಂಗ್ಲಿಷ್ ಡಾಕ್ಟರಮ್ಮ ಅಲ್ಲಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯೋ ಬಡ ಬಸುರಿಯರು ರಕ್ತಹೀನತೆಯಿಂದ ಸಾಯ್ತಿದ್ದರು, ಯಾಕೆ ಅಂತ ಹುಡುಕೋಕೆ. ರೋಗಾಣು ಕಾರಣ ಅಲ್ಲ, ಊಟದಲ್ಲಿ ಏನೋ ಕೊರತೆ ಅಂತ ಅವರಿಗೆ ಹೊಳೀತು. ಯೀಸ್ಟಿನಿಂದ ಮಾಡೋ ಅಗ್ಗದ ಮಾರ್ಮೈಟ್ ತಿನ್ನಿಸಿದರು, ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಅದನ್ನ ಬರೆದು ಪ್ರಕಟಿಸಿದರು. ಅದರಲ್ಲಿದ್ದ ಅಂಶಕ್ಕೆ ಮೊದಲು ವಿಲ್ಸ್ ಫ್ಯಾಕ್ಟರ್ ಅಂತಲೇ ಹೆಸರಿತ್ತು. ಹತ್ತು ವರ್ಷದ ಮೇಲೆ, 1941ರಲ್ಲಿ, ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಅದನ್ನ ಬೇರ್ಪಡಿಸಿದಾಗ ಫೋಲಿಕ್ ಆಸಿಡ್ ಅಂತ ಹೆಸರಿಟ್ಟರು, ಲ್ಯಾಟಿನ್ನಿನಲ್ಲಿ ಫೋಲಿಯಂ ಅಂದ್ರೆ ಎಲೆ.

ಅದೇ 1928, ಅದೇ ಬಾಂಬೆ. ಜುಲೈ ತಿಂಗಳಲ್ಲಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆ ಮಸೂದೆ ಚರ್ಚೆಗೆ ಬಂತು. ಗಿರಣಿ ಹೆಂಗಸರಿಗೆ ಹೆರಿಗೆಗೆ ಮೊದಲೂ ಆಮೇಲೂ ವಿಶ್ರಾಂತಿ ಸಿಗಲೇಬೇಕು, ಅದು ದೇಶದ ಹಿತ ಅಂತ ಎದ್ದು ನಿಂತು ವಾದಿಸಿದವರು ಬಾಬಾಸಾಹೇಬರು. 1929ರಲ್ಲಿ ಕಾನೂನಾಯ್ತು. ಬಾಬಾಸಾಹೇಬರಿಗೂ ರಮಾಬಾಯಿಯವರಿಗೂ ಐದು ಮಕ್ಕಳು. ಉಳಿದದ್ದು ಯಶವಂತರು ಒಬ್ಬರೇ. ಗಂಗಾಧರ, ರಮೇಶ, ಇಂದು, ಕೊನೆಗೆ 1926ರಲ್ಲಿ ರಾಜರತ್ನ, ನಾಲ್ಕು ಮಕ್ಕಳನ್ನ ಮಣ್ಣಿಗಿಟ್ಟ ಅಪ್ಪ ಅವರು. ರಮಾಬಾಯಿ ಜಯಂತಿಗೆ ನಾವು ಹಾಡು ಹಾಡ್ತೀವಿ, ಭಾಷಣ ಮಾಡ್ತೀವಿ. ಹೆತ್ತ ಮಕ್ಕಳನ್ನ ಕಳಕೊಂಡ ಆ ತಾಯಿಯ ಮಾತು ಮಾತ್ರ ಯಾವ ಭಾಷಣದಲ್ಲೂ ನಾನು ಕೇಳಿಲ್ಲ. ಇದು ಆಶಾದವರ ಕೆಲಸ ಅಷ್ಟೇನಾ ತಮ್ಮಾ?

ಬಾಂಬೆ ಗಿರಣಿ ಹೆಂಗಸರ ರಕ್ತದಲ್ಲಿ ಕಂಡುಹಿಡಿದದ್ದು ದೊಡ್ಡಬಳ್ಳಾಪುರ ಅಪೆರಲ್ ಪಾರ್ಕಿನ ಹುಡುಗಿಗೆ ಸಮಯಕ್ಕೆ ತಲುಪಿಲ್ಲ. ಸುಮಾರು ನೂರು ವರ್ಷ ಆಯ್ತು. ಅವರೂ ಬಟ್ಟೆ ಕೆಲಸದವರು, ಇವಳೂ ಬಟ್ಟೆ ಕೆಲಸದವಳು.

ಊಟದ ಮಾತೂ ಬರುತ್ತೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನ ಸೇರಿಸಿಕೊಂಡು ಶುರುವಾದ ಪಾರ್ಥೆನಾನ್ ಅಧ್ಯಯನದಲ್ಲಿ 43% ಹೆಂಗಸರಿಗೆ ಬಿ12 ಕಡಿಮೆ ಇತ್ತು. ಬಿ12 ಕಡಿಮೆಯಾದರೂ ಬೆನ್ನುಹುರಿ ದೋಷದ ಅಪಾಯ ಹೆಚ್ಚು ಅಂತಾರೆ. ಬಿ12 ಸೊಪ್ಪಲ್ಲಿ ಸಿಗಲ್ಲ, ಕಾಳಲ್ಲಿ ಸಿಗಲ್ಲ. ಮಾಂಸ, ಮೊಟ್ಟೆ, ಮೀನು, ಹಾಲಲ್ಲಿ ಸಿಗುತ್ತೆ. ಬಡವರ ಕೈಗೆ ಎಟುಕೋ ಮಾಂಸ ಯಾವುದಿತ್ತು ಅಂತ ನಿಮಗೆ ಗೊತ್ತು. 2020ರ ಕಾಯ್ದೆ ಹದಿಮೂರು ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಬೇರೆಲ್ಲದಕ್ಕೂ ಬೀಗ ಹಾಕಿತು. ವಿಧಾನಸೌಧದಲ್ಲಿ ಗೋವಿನ ಮೇಲೆ ಅಷ್ಟು ಹೊತ್ತು ಮಾತಾಡಿದವರಲ್ಲಿ ಬಸುರಿ ಊಟದ ಬಗ್ಗೆ ಮಾತಾಡಿದವರು ನನ್ನ ಕಿವಿಗಂತೂ ಬೀಳಲಿಲ್ಲ. ಇನ್ನು ಸೊಪ್ಪು. ನಮ್ಮವ್ವ ಹೊಲದ ಬದುವಿನಲ್ಲಿ ಮಡಿಲು ತುಂಬ ಬೆರಕೆ ಸೊಪ್ಪು ಕಿತ್ಕೊಂಡು ಬಂದು ಉಪ್ಸಾರು ಮಾಡ್ತಿದ್ದಳು. ಆ ಬದು ಈಗ ಲೇಔಟು. ಸೊಪ್ಪು ಕಟ್ಟಿಗೆ ಇಪ್ಪತ್ತು ರೂಪಾಯಿ.

ಸಂಶೋಧನೆ ಮಾಡೋರ ಮೇಲೆ ನನಗೆ ಸಿಟ್ಟಿಲ್ಲ. ಅದು ನಮ್ಮ ಮನೆ ಬಾಗಿಲಿಗೆ ವಾಪಸ್ ಬರಲ್ಲ ಅನ್ನೋದಕ್ಕೆ ಸಿಟ್ಟು. ಸಾಗರ ತಾಲ್ಲೂಕಿನ ಹಂದಿಗೋಡು ಗೊತ್ತಲ್ಲ? 1975ರ ಹೊತ್ತಿಗೆ ಅಲ್ಲಿ ನಮ್ಮವರಿಗೆ, ಚನ್ನಂಗಿ ಮತ್ತು ಛಲವಾದಿ ಜನಕ್ಕೆ, ಕೀಲು ಸವೆದು, ಸೊಂಟ ಬಗ್ಗಿ, ಕೆಲವರು ಕುಳ್ಳಾಗಿ, ಕೈಯೂರಿ ತೆವಳೋ ಕಾಯಿಲೆ ಕಂಡಿತು. ಗದ್ದೆ ಏಡಿ ತಿಂದಿದ್ದಕ್ಕೆ, ಅದರಲ್ಲಿದ್ದ ಕೀಟನಾಶಕದಿಂದ ಅಂತ ಮೊದಲು ಅನುಮಾನಪಟ್ಟರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದರು, ಇನ್ನೂ ಯಾರ್‍ಯಾರೋ ಬಂದರು, ರಕ್ತ ತಗೊಂಡರು, ಎಕ್ಸ್‌ರೇ ತೆಗೆದರು. ತೊಂಬತ್ತರ ದಶಕದ ಹೊತ್ತಿಗೆ ಇದು ಹುಟ್ಟಿನಿಂದ ಬರೋ ಮೂಳೆ ಕಾಯಿಲೆ, ಅಪ್ಪ ಅಮ್ಮ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಅರ್ಧಕ್ಕರ್ಧ ಸಾಧ್ಯತೆ ಅಂತ ಬರೆದರು. ಕಾರಣ ಗೊತ್ತಾಗಿ ಮೂವತ್ತು ವರ್ಷ ಆದರೂ ಪೇಪರ್‌ನವರು "ನಿಗೂಢ ಕಾಯಿಲೆ" ಅಂತಲೇ ಬರೀತಾರೆ. ಗೊತ್ತಿರೋದನ್ನ ಗೊತ್ತಾಗಬೇಕಾದವರಿಗೆ ಕೂತು ಹೇಳದೇ ಇದ್ದರೆ ಅದು ನಿಗೂಢವಾಗಿಯೇ ಉಳಿಯುತ್ತೆ.

ಮನವಿಯಲ್ಲಿ ಏನಿರಬೇಕು ಅಂತ ಬರೆದಿಟ್ಟಿದ್ದೀನಿ. ಮದುವೆ ನೋಂದಣಿಗೆ ಬರೋ ಜೋಡಿಗೆ, ಆಶಾ ಪುಸ್ತಕದಲ್ಲಿ ಹೊಸದಾಗಿ ಮದುವೆಯಾದವರು ಅಂತ ಇರೋ ಪ್ರತಿ ಹೆಣ್ಣುಮಗಳಿಗೆ, ದಿನದ 400ರ ಮಾತ್ರೆ ಕೈಗೆ ಸಿಗಬೇಕು. ಅಪೆರಲ್ ಪಾರ್ಕಿಗೆ ಆರೋಗ್ಯ ಇಲಾಖೆಯವರು ಶಿಫ್ಟ್ ಬಿಡೋ ಹೊತ್ತಿಗೆ ಬರಬೇಕು, ಮಧ್ಯಾಹ್ನ ಕೇರಿಗಲ್ಲ. ಐದನೇ ತಿಂಗಳ ಸ್ಕ್ಯಾನಿಂಗ್‌ಗೆ ಹೋದ ದಿನ ಹಾಜರಾತಿ ಬೋನಸ್ ಕತ್ತರಿಸಬಾರದು. ನಮ್ಮ ಹುಡುಗಿ ಆ ಬೋನಸ್ಸಿಗೇ ಸ್ಕ್ಯಾನಿಂಗ್ ತಪ್ಪಿಸಿದ್ದಳು. ಮತ್ತೆ ಹುಟ್ಟಿದ ಮಕ್ಕಳ ಮಾತು. ಆರ್‌ಬಿಎಸ್‌ಕೆ ಯೋಜನೆಯ ಪಟ್ಟಿಯಲ್ಲಿ ಈ ದೋಷವೂ ಇದೆ, ಮಗುವನ್ನ ಪತ್ತೆ ಹಚ್ಚಿ ಆಪರೇಷನ್‌ಗೆ ಕಳಿಸ್ತಾರೆ, ಒಳ್ಳೇದೇ. ಆಪರೇಷನ್ ಆದಮೇಲೆ ದಿನಕ್ಕೆ ಆರು ಸಲ ಹಾಕೋ ನಳಿಕೆ ಯಾರು ಕೊಡ್ತಾರೆ? ಒಂದನ್ನೇ ತೊಳೆದು ತೊಳೆದು ಹಾಕ್ತಾಳೆ ಅವಳು. ಅದು ಪಿಎಚ್‌ಸಿಯಲ್ಲೇ ಸಿಗಬೇಕು.

ಹೋದ ವಾರ ಅವಳು ಫೋನ್ ಮಾಡಿದ್ದಳು. ಇನ್ನೊಂದು ಮಗು ಆಗಲಿ ಅಂತ ಮನೇಲಿ ಒತ್ತಾಯ, ಅವಳಿಗೂ ಆಸೆ. ಒಂದು ಸಲ ಹೀಗಾದವರಿಗೆ ಡಾಕ್ಟರು ಹತ್ತು ಪಟ್ಟಿಗಿಂತ ಹೆಚ್ಚಿನ ಡೋಸು ಬರೆದುಕೊಡ್ತಾರೆ. ಐದು ಮಿಲಿಗ್ರಾಮಿನ ಮಾತ್ರೆ, ಮೆಡಿಕಲ್ ಸ್ಟೋರಿನಲ್ಲಿ ದುಬಾರಿ ಏನಲ್ಲ. ಶುರು ಮಾಡಿದ್ದಾಳೆ. "ಚಿಕ್ಕಮ್ಮಾ, ಇದು ಇಷ್ಟೇನಾ? ಇಷ್ಟು ಚಿಕ್ಕದಾ?" ಅಂದಳು. ನಾನು ಏನೂ ಹೇಳಲಿಲ್ಲ.

ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿ ಮುಂದೆ. ನಾನು ಅರ್ಧ ದಿನ ರಜೆ ಹಾಕಿದ್ದೀನಿ. ಆ ಹುಡುಗನೂ ಬರಲಿ, ಮನವಿ ಅವನ ಕೈಲೇ ಕೊಡಿಸ್ತೀನಿ. ಹೆಂಗಸರು ತಾಯಿ ಕಾರ್ಡಿನ ಜೆರಾಕ್ಸ್ ತನ್ನಿ, ಎರಡು ತಾರೀಖಿಗೂ ಪೆನ್ನಲ್ಲಿ ಗುರುತು ಹಾಕಿ.