ವಾಟ್ಸಾಪ್ ನಿಂತರೆ ‘ಹ್ಯಾಕ್’ ಆಗಿದೆ ಎಂದೇ ಅರ್ಥವೇ? ಸರ್ವರ್‌ಗಳ ಬಾಗಿಲಲ್ಲಿ ನಡೆಯುವುದೇನು?

2021ರ ಅಕ್ಟೋಬರ್ 4ರ ರಾತ್ರಿ ಸುಮಾರು 9.10ಕ್ಕೆ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮೂರೂ ಒಟ್ಟಿಗೆ ನಿಂತವು. ನೀವೂ ಫೋನ್ ಆಫ್ ಮಾಡಿ ಆನ್ ಮಾಡಿರಬಹುದು, ನೆಟ್ ಪ್ಯಾಕ್ ಮುಗಿಯಿತೇ ಎಂದು ನೋಡಿರಬಹುದು. ಅಷ್ಟರಲ್ಲಿ ‘ಹ್ಯಾಕ್ ಆಗಿದೆ’ ಎಂಬ ಮಾತು ಹಬ್ಬಿತ್ತು. ಸೇವೆ ಮರಳಿದ ಮೇಲೆ, ದಿನಾ ರಾತ್ರಿ 11.30ರಿಂದ ಬೆಳಿಗ್ಗೆ 6ರವರೆಗೆ ಕೇಂದ್ರ ಸರ್ಕಾರ ವಾಟ್ಸಾಪ್ ಬಂದ್ ಮಾಡಲಿದೆ ಎಂಬ ಸುಳ್ಳು ಫಾರ್ವರ್ಡ್ ಕೂಡ ಓಡಾಡಿತು. 2019ರ ಜುಲೈನಲ್ಲಿ ವಾಟ್ಸಾಪ್ ಕೈಕೊಟ್ಟಾಗಲೂ ಇದೇ ಸಂದೇಶ ಬಂದಿತ್ತು.

ಆದದ್ದು ಹ್ಯಾಕ್ ಅಲ್ಲ. ತಮ್ಮ ಡೇಟಾ ಸೆಂಟರ್‌ಗಳನ್ನು ಜೋಡಿಸುವ ಜಾಲದ ಸಾಮರ್ಥ್ಯ ಎಷ್ಟಿದೆ ಎಂದು ಅಳೆಯಲು ಫೇಸ್‌ಬುಕ್‌ನವರೇ ಕೊಟ್ಟ ಒಂದು ಕಮಾಂಡ್ ಆ ಜಾಲವನ್ನೇ ಪೂರ್ತಿ ಕಡಿದುಹಾಕಿತು. ದುರುದ್ದೇಶದ ಕೃತ್ಯ ಇದರ ಹಿಂದಿಲ್ಲ ಎಂದು ಕಂಪನಿ ಮರುದಿನವೇ ಹೇಳಿತು.

ಒಂದು ಸಾಲಿನ ಕಮಾಂಡ್‌ಗೆ ಇಷ್ಟೊಂದು ಶಕ್ತಿಯೇ?

ಹೌದು. ಸರ್ವರ್ ಎಂದರೆ ದೂರದಲ್ಲೆಲ್ಲೋ ಇರುವ ಕಂಪ್ಯೂಟರ್. ಅದರ ಮುಂದೆ ಯಾರೂ ಕುಳಿತಿರುವುದಿಲ್ಲ. ಎಂಜಿನಿಯರ್ ತಮ್ಮ ಲ್ಯಾಪ್‌ಟಾಪ್‌ನಲ್ಲಿ ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದು, ಒಂದೊಂದೇ ಸಾಲು ಟೈಪ್ ಮಾಡಿ ಅದರ ಜೊತೆ ‘ಮಾತಾಡುತ್ತಾರೆ’. ಸಿನಿಮಾದಲ್ಲಿ ಹ್ಯಾಕರ್ ಮುಂದೆ ಹಸಿರು ಅಕ್ಷರ ಓಡುತ್ತವಲ್ಲ, ಹೆಚ್ಚುಕಡಿಮೆ ಹಾಗೆ. ಈ ಮಾತುಕತೆಯನ್ನು ಯಾರೂ ಕದ್ದು ಕೇಳದಂತೆ ಕಾಯುವ ಎಸ್‌ಎಸ್‌ಎಚ್ ಎಂಬ ವ್ಯವಸ್ಥೆಯನ್ನು ಫಿನ್‌ಲ್ಯಾಂಡ್‌ನ ಟಾಟು ಯ್ಲೋನೆನ್ 1995ರಲ್ಲಿ ಬರೆದರು. ಅವರ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳು ಕಳುವಾದದ್ದೇ ಅದಕ್ಕೆ ಕಾರಣ.

ಆದರೆ ಎಸ್‌ಎಸ್‌ಎಚ್ ತಡೆಯುವುದು ಹೊರಗಿನ ಕಳ್ಳನನ್ನು. ಒಳಗಿನವರ ಕಣ್ತಪ್ಪನ್ನು ತಡೆಯುವವರು ಯಾರು?

2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ತಡರಾತ್ರಿಯವರೆಗೂ ಕೆಲಸ ಮಾಡುತ್ತಿದ್ದರು. ಅಲ್ಲಿ ಡೇಟಾಬೇಸ್‌ಗೆ ಎರಡು ಸರ್ವರ್: ಒಂದು ಮೂಲ, ಇನ್ನೊಂದು ನಕಲು. ನಕಲಿನದ್ದು ಎಂದುಕೊಂಡು ಅವರು ಅಳಿಸಿದ್ದು ಮೂಲವನ್ನು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದರೂ ಸುಮಾರು 300 ಜಿಬಿ ಹೋಗಿತ್ತು. ಬ್ಯಾಕಪ್ ವ್ಯವಸ್ಥೆಗಳು ಹಲವು ಇದ್ದವು, ನೆಚ್ಚಿಕೊಂಡವು ಕೈಕೊಟ್ಟವು. ಆರು ಗಂಟೆ ಮೊದಲು ಬೇರೆ ಕೆಲಸಕ್ಕೆಂದು ತೆಗೆದಿಟ್ಟಿದ್ದ ಒಂದು ಪ್ರತಿ ಕಾಪಾಡಿತು. ಕಂಪನಿ ಇದನ್ನೆಲ್ಲ ಮುಚ್ಚಿಡದೆ ಬರೆದುಕೊಂಡಿತು, ಅದಕ್ಕೇ ನಮಗೆ ಗೊತ್ತು. ಯಾವ ಸರ್ವರ್‌ನಲ್ಲಿದ್ದೇವೆ ಎಂಬುದು ಕಪ್ಪು ಕಿಟಕಿಯಲ್ಲೇ ಎದ್ದು ಕಾಣಬೇಕು ಎಂಬುದು ಆಮೇಲೆ ಮಾಡಿಕೊಂಡ ತಿದ್ದುಪಡಿಗಳಲ್ಲಿ ಒಂದು. ಇಷ್ಟು ಸಣ್ಣ ಸಂಗತಿ!

ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್ 2012ರಲ್ಲಿ ತನ್ನ ಎಂಟು ಸರ್ವರ್‌ಗಳಿಗೆ ಹೊಸ ಸಾಫ್ಟ್‌ವೇರ್ ಹಾಕಿತು. ಏಳಕ್ಕೆ ಸರಿಯಾಗಿ ಹೋಯಿತು, ಎಂಟನೆಯದು ಬಿಟ್ಟುಹೋಯಿತು. ಎರಡನೆಯವರು ಪರೀಕ್ಷಿಸಬೇಕೆಂಬ ಲಿಖಿತ ನಿಯಮವೇ ಇರಲಿಲ್ಲ. ಆಗಸ್ಟ್ 1ರಂದು ಮಾರುಕಟ್ಟೆ ತೆರೆದ ಸುಮಾರು 45 ನಿಮಿಷದಲ್ಲಿ ಆ ಒಂದು ಸರ್ವರ್ ತಂದ ನಷ್ಟ 44 ಕೋಟಿ ಡಾಲರ್‌ಗೂ ಹೆಚ್ಚು.

ಹಾಗಾದರೆ ಯಂತ್ರಕ್ಕೇ ಬಿಟ್ಟುಬಿಡಬಹುದಲ್ಲ?

ಬಹುಪಾಲು ಕಡೆ ಹಾಗೇ ಮಾಡುತ್ತಾರೆ. ಯಂತ್ರಕ್ಕೆ ನಿದ್ದೆ ಬರುವುದಿಲ್ಲ, ಎಂಟನೆಯದು ಮರೆಯುವುದಿಲ್ಲ. ತೊಡಕಿರುವುದು ಬಾಗಿಲಲ್ಲಿ. ಮುಖ್ಯ ಸರ್ವರ್‌ಗಳ ಟರ್ಮಿನಲ್ ಎಷ್ಟೋ ಕಡೆ ಎಟಿಎಂ ಇದ್ದಂತೆ. ಎಟಿಎಂನಲ್ಲಿ ನೀವು ಬ್ಯಾಂಕಿನ ಕಂಪ್ಯೂಟರ್ ಜೊತೆಗೇ ಮಾತಾಡುತ್ತೀರಿ, ಆದರೆ ಪರದೆ ಮೇಲಿನ ನಾಲ್ಕೈದು ಆಯ್ಕೆ ಬಿಟ್ಟು ಬೇರೇನೂ ಕೇಳಲಾಗದು. ಇಲ್ಲೂ ಅಷ್ಟೇ: ಕೆಲವೇ ಕಮಾಂಡ್‌ಗೆ ಅವಕಾಶ, ನಡುನಡುವೆ ‘ಖಚಿತವೇ?’ ಎಂಬ ಪ್ರಶ್ನೆ. ಆ ಪ್ರಶ್ನೆ ಇರುವುದು ಮನುಷ್ಯ ಒಂದು ಕ್ಷಣ ನಿಂತು ಯೋಚಿಸಲಿ ಎಂದು.

ಅದನ್ನೂ ದಾಟಲು ಉಪಾಯವಿದೆ. 1990ರ ಹೊತ್ತಿಗೆ ಅಮೆರಿಕದ ಡಾನ್ ಲೈಬ್ಸ್ ಬರೆದ ‘ಎಕ್ಸ್‌ಪೆಕ್ಟ್’ ಎಂಬ ಪ್ರೋಗ್ರಾಂ, ಪರದೆಯ ಮೇಲೆ ಇಂಥ ಪ್ರಶ್ನೆ ಬರುವವರೆಗೆ ಕಾದು, ಮನುಷ್ಯನ ಬದಲು ತಾನೇ ಉತ್ತರ ಟೈಪ್ ಮಾಡುತ್ತದೆ. ಬಹಳ ಉಪಯುಕ್ತ, ಇಂದಿಗೂ ಬಳಕೆಯಲ್ಲಿದೆ. ಆದರೆ ಪ್ರತಿ ‘ಖಚಿತವೇ?’ಗೂ ಕಣ್ಣುಮುಚ್ಚಿ ‘ಹೌದು’ ಎನ್ನುವಂತೆ ಬರೆದಿಟ್ಟರೆ ಪ್ರಶ್ನೆ ಇದ್ದೂ ಇಲ್ಲದಂತೆ. ಓದದೆ ಫಾರ್ವರ್ಡ್ ಒತ್ತುವ ಕೈಯನ್ನು ನೋಡುವುದೇ ಕೆಲಸವಾಗಿರುವ ನನಗೆ ಇದು ತೀರಾ ಪರಿಚಿತ ಅನ್ನಿಸುತ್ತದೆ.

ಇದಕ್ಕಿಂತ ಒಳ್ಳೆಯ ದಾರಿ, ಯಂತ್ರಕ್ಕೆ ಕೊಡುವ ಕೀಲಿಯನ್ನೇ ಕಿರಿದು ಮಾಡುವುದು. ಎಸ್‌ಎಸ್‌ಎಚ್‌ನಲ್ಲಿ ಒಂದು ಕೀಲಿಗೆ ಒಂದೇ ಕಮಾಂಡ್ ಎಂದು ಕಟ್ಟಿಹಾಕಬಹುದು. ಆ ಕೀಲಿ ಹಿಡಿದು ಯಾರೇ ಬಂದರೂ, ಏನೇ ಟೈಪ್ ಮಾಡಿದರೂ ನಡೆಯುವುದು ಅದೊಂದೇ ಕೆಲಸ: ಹೊಸ ಆವೃತ್ತಿ ಹಾಕುವುದು. ಕೀಲಿ ಕಳುವಾದರೂ ಕಳ್ಳನಿಗೆ ಸಿಗುವುದು ಅಷ್ಟೇ.

ಇಂಥ ಕಾವಲು ಫೇಸ್‌ಬುಕ್‌ನಲ್ಲಿ ಇರಲಿಲ್ಲವೇ? ಇತ್ತು. ಅಪಾಯಕಾರಿ ಕಮಾಂಡ್‌ಗಳನ್ನು ತಡೆಯಲೆಂದೇ ಒಂದು ಪರಿಶೀಲನಾ ಸಾಧನವಿತ್ತು. ಅದರಲ್ಲೇ ದೋಷವಿದ್ದು, ಆ ರಾತ್ರಿ ಅದು ತಡೆಯಲಿಲ್ಲ. ಜಾಲವೇ ಕಡಿದಿದ್ದರಿಂದ ಎಂಜಿನಿಯರ್‌ಗಳ ಎಂದಿನ ಟರ್ಮಿನಲ್ ದಾರಿಯೂ ಮುಚ್ಚಿತ್ತು. ಖುದ್ದು ಡೇಟಾ ಸೆಂಟರ್‌ಗೆ ಹೋದರೆ ಅಲ್ಲೂ ಬಿಗಿ ಭದ್ರತೆ. ಒಳಹೊಕ್ಕ ಮೇಲೂ ಯಂತ್ರಗಳು ಸುಲಭಕ್ಕೆ ಕೈಗೆ ಸಿಗದಂತಿದ್ದವು. ಸುಮಾರು ಆರು ಗಂಟೆ ಹಿಡಿದದ್ದಕ್ಕೆ ಇದೂ ಒಂದು ಕಾರಣ. ಆದರೂ ಬೀಗ ಸಡಿಲಿಸುವುದಿಲ್ಲ, ಅಪರೂಪಕ್ಕೊಮ್ಮೆ ದುರಸ್ತಿ ತಡವಾದರೂ ದಿನನಿತ್ಯದ ಭದ್ರತೆಯೇ ಮೇಲು ಎಂದಿತು ಕಂಪನಿ. ಅವರ ಎಲ್ಲ ಮಾತನ್ನೂ ನಾನು ಒಪ್ಪುವುದಿಲ್ಲ, ಇದನ್ನು ಒಪ್ಪುತ್ತೇನೆ.

ಬೆಳಗಿನ ಜಾವ ವಾಟ್ಸಾಪ್ ಮರಳಿದಾಗ ನಮ್ಮ ಮನೆಯವರ ಗುಂಪಿಗೆ ಮೊದಲು ಬಂದದ್ದು ಆ 11.30ರ ಫಾರ್ವರ್ಡ್. ಕಳಿಸಿದವರು ದೊಡ್ಡಪ್ಪ.