ಮುಳ್ಳು ಕಾಣುತ್ತದೆ, ಅಂಕಿ ಕಾಣುವುದಿಲ್ಲ

2020ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಹೊಸ ರೂಪದಲ್ಲಿ ಬಂದಾಗ ನಾವೆಲ್ಲ ಮನೆಯಲ್ಲೇ ಕೂತಿದ್ದ ಕಾಲ. ಊರಿಗೆ ಹೋಗಲಾಗದ ಪುಣೆಯ ಕನ್ನಡಿಗರಲ್ಲಿ ಕೆಲವರಾದರೂ ಕಂಪ್ಯೂಟರಿನಲ್ಲೇ ಲೋಹಗಾಂವದಿಂದ ಏರಿ ಬೆಳಗಾವಿಯ ಸಾಂಬ್ರಾದಲ್ಲಿ ಇಳಿದು ಸಮಾಧಾನಪಟ್ಟರು. ನೇರ ಗೆರೆ ಎಳೆದರೆ ಸುಮಾರು 310 ಕಿ.ಮೀ.; ಸೆಸ್ನಾ 172ರಂಥ ಪುಟ್ಟ ವಿಮಾನದಲ್ಲಿ ಒಂದೂವರೆ ಗಂಟೆ. ಬಲಕ್ಕೆ ಸಹ್ಯಾದ್ರಿಯ ಸಾಲು, ಕೆಳಗೆ ಸಾತಾರಾ, ಕೊಲ್ಹಾಪುರದ ಕಡೆಯ ಕಬ್ಬಿನ ಹೊಲಗಳು.

ಆ ಹವ್ಯಾಸವನ್ನು ಇನ್ನೂ ಬಿಡದ ಗೆಳೆಯರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಹೊರಗಿನ ಗುಡ್ಡ, ಹೊಳಿ ಎಲ್ಲಾ ಭಾಳ ಚೆಂದ ಕಾಣ್ತಾವ. ಆದ್ರ ಮುಂದಿನ ಪ್ಯಾನೆಲ್ ಮ್ಯಾಲಿನ ಅಂಕಿ ಓದಾಕ ಆಗವಲ್ದು. ದೊಡ್ಡ ಮಾನಿಟರ್ ತಗೊಳ್ಳೇನು?"

ನನ್ನ ಉತ್ತರ: ತಡೀರಿ. ಬರೀ ದೊಡ್ಡದಾದರೆ ಉಪಯೋಗವಿಲ್ಲ, ಚುಕ್ಕಿ ಹೆಚ್ಚಿರಬೇಕು. ಅದಕ್ಕೂ ಮೊದಲು ದುಡ್ಡು ಖರ್ಚಿಲ್ಲದೆ ಮಾಡಬಹುದಾದ ಎರಡು ಕೆಲಸಗಳಿವೆ.

"ಆಟ ತಾನೇ, ಅಂಕಿ ಕಾಣದಿದ್ದರೆ ಏನಾಯಿತು?" ಎಂದು ಮನೆಯವರು ಕೇಳಬಹುದು. ಸೆಸ್ನಾ 172 ಎಸ್ ಫ್ಲ್ಯಾಪ್ ಪೂರ್ತಿ ಇಳಿಸಿದಾಗ ಸುಮಾರು 40 ನಾಟ್‌ಗೆ ಸ್ಟಾಲ್ ಆಗುತ್ತದೆ. ರನ್‌ವೇಗೆ ಇಳಿದು ಬರಬೇಕಾದ ವೇಗ 60ರಿಂದ 70 ನಾಟ್. ಸಾಂಬ್ರಾ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ಹಾಗಾಗಿ ನೆಲದಿಂದ ಸಾವಿರ ಅಡಿ ಮೇಲೆ ಸುತ್ತು ಹಾಕುವಾಗ ಆಲ್ಟಿಮೀಟರ್ 3,500 ತೋರಿಸಬೇಕು. 3ನ್ನೂ 8ನ್ನೂ ಗೊತ್ತುಹಚ್ಚಲಾಗದವರು ಹಾರಿಸುತ್ತಿಲ್ಲ, ಅಂದಾಜು ಮಾಡುತ್ತಿದ್ದಾರೆ, ಅಷ್ಟೇ. ಜೊತೆಗೆ ಕತ್ತು ಮುಂದೆ ಚಾಚಿ ಎರಡು ಗಂಟೆ ಕೂತ ಬಾಬತ್ತು ಮರುದಿನ ಆಫೀಸಿನಲ್ಲಿ ಗೊತ್ತಾಗುತ್ತದೆ. ನಮ್ಮಲ್ಲಿ ಬಹಳ ಜನ ಚಾಳೀಸಿನ ಹೊಸ್ತಿಲಲ್ಲಿರುವವರು. ಕಣ್ಣಿಗೆ ಇನ್ನಷ್ಟು ಕೆಲಸ ಕೊಡುವುದು ಬೇಡ.

ತೊಂದರೆಯ ಮೂಲ ಎಲ್ಲಿದೆ ಎಂದು ಒಂದು ಲೆಕ್ಕ ಹಾಕಿ ನೋಡೋಣ. ಹೊಸ ಸೆಸ್ನಾಗಳಲ್ಲಿರುವ ಗಾರ್ಮಿನ್ ಜಿ1000ರ ಪರದೆ 10.4 ಇಂಚಿನದು, 1024×768 ಚುಕ್ಕಿಗಳದು. ಪೈಲಟ್ ಕಣ್ಣಿನಿಂದ ಅದು 75 ಸೆಂ.ಮೀ. ದೂರದಲ್ಲಿದೆ ಎನ್ನೋಣ. ನಮ್ಮ ಸಿಮ್ಯುಲೇಟರ್ ಎಡದಿಂದ ಬಲಕ್ಕೆ 80 ಡಿಗ್ರಿ ನೋಟವನ್ನು ಮಾನಿಟರಿನಲ್ಲಿ ತುಂಬಿಸುತ್ತಿದೆ ಎನ್ನೋಣ. 1920×1080ರ ಫುಲ್ ಎಚ್‌ಡಿ ಮಾನಿಟರಿನಲ್ಲಿ ಆಗ ಆ ಜಿ1000 ಪರದೆಗೆ ಸಿಗುವ ಅಗಲ ಸುಮಾರು 320 ಚುಕ್ಕಿ. 1024 ಇದ್ದದ್ದು 320! ಅಸಲಿನಲ್ಲಿ 24 ಚುಕ್ಕಿ ಎತ್ತರವಿದ್ದ ಅಂಕಿಗೆ ಇಲ್ಲಿ ಉಳಿಯುವುದು ಏಳೆಂಟು ಚುಕ್ಕಿ. 2560×1440ರ ಕ್ಯೂಎಚ್‌ಡಿಯಲ್ಲಿ ಅದೇ ಪರದೆಗೆ ಸುಮಾರು 430, 4ಕೆಯಲ್ಲಿ ಸುಮಾರು 640.

ಈ ಲೆಕ್ಕದಲ್ಲಿ ಮಾನಿಟರ್ ಎಷ್ಟು ಇಂಚಿನದು ಎಂಬ ಮಾತೇ ಬರಲಿಲ್ಲ, ಗಮನಿಸಿದಿರಾ? 24 ಇಂಚಿನ ಫುಲ್ ಎಚ್‌ಡಿ ತೆಗೆದು 32 ಇಂಚಿನ ಫುಲ್ ಎಚ್‌ಡಿ ಇಟ್ಟರೆ ಅದೇ 320 ಚುಕ್ಕಿ ದಪ್ಪಗಾಗುತ್ತವೆ. ಮಸುಕು ಅಕ್ಷರ ದೊಡ್ಡ ಮಸುಕು ಅಕ್ಷರವಾಗುತ್ತದೆ. 34 ಇಂಚಿನ ಅಲ್ಟ್ರಾವೈಡ್‌ದೂ ಇದೇ ಕಥೆ: 3440×1440 ಎಂದರೆ ಎತ್ತರದಲ್ಲಿ ಕ್ಯೂಎಚ್‌ಡಿಯಷ್ಟೇ. ಎಡಬಲದ ಕಿಟಕಿ ಹೆಚ್ಚು ಕಾಣುತ್ತದೆ, ಅಂಕಿಗಳಿಗೆ ಲಾಭವಿಲ್ಲ.

ಇನ್ನು ಖರ್ಚಿಲ್ಲದ ಮೊದಲ ಕೆಲಸ: ಜೂಮ್. ನೋಟವನ್ನು 80 ಡಿಗ್ರಿಯಿಂದ 50ಕ್ಕೆ ಇಳಿಸಿದರೆ ಅದೇ ಹಳೆಯ ಫುಲ್ ಎಚ್‌ಡಿ ಮಾನಿಟರಿನಲ್ಲಿ ಜಿ1000ಕ್ಕೆ ಸುಮಾರು 580 ಚುಕ್ಕಿ ಸಿಗುತ್ತವೆ. ಹೆಚ್ಚುಕಡಿಮೆ 4ಕೆ ಕೊಡುವಷ್ಟು, ಅದೂ ಪುಕ್ಕಟೆ. ಆದರೆ ಅಕ್ಕಪಕ್ಕದ ನೋಟ ಕಡಿಮೆಯಾಗುತ್ತದೆ. ಆದ್ದರಿಂದ ಹೊರಗೆ ನೋಡಲು ಒಂದು ಕ್ಯಾಮೆರಾ, ಪ್ಯಾನೆಲ್ ಓದಲು ಒಂದು ಕ್ಯಾಮೆರಾ ಎಂದು ಎರಡು ನೋಟ ಉಳಿಸಿಕೊಂಡು ಜಾಯ್‌ಸ್ಟಿಕ್ಕಿನ ಗುಂಡಿಗೆ ಕಟ್ಟಿಕೊಳ್ಳಿ.

ಎರಡನೆಯದು: ಸೆಟ್ಟಿಂಗ್ಸ್‌ನಲ್ಲಿ ರೆಂಡರ್ ಸ್ಕೇಲ್ ಎಷ್ಟಿದೆ ನೋಡಿ. ಗ್ರಾಫಿಕ್ಸ್ ಕಾರ್ಡಿನ ಮೇಲಿನ ಭಾರ ಇಳಿಸಲು ಅದನ್ನು 70ಕ್ಕೆ ಇಟ್ಟಿದ್ದರೆ ನಿಮ್ಮ 4ಕೆ ಮಾನಿಟರ್ ತೋರಿಸುತ್ತಿರುವುದು ಹಿಗ್ಗಿಸಿದ 2688×1512 ಚಿತ್ರವನ್ನು. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಮಾಡುವುದೂ ಇದೇ ಬಗೆಯ ಕೆಲಸ. ಗುಡ್ಡಬೆಟ್ಟಗಳ ಮೇಲೆ ಅದರ ವ್ಯತ್ಯಾಸ ಗೊತ್ತಾಗುವುದಿಲ್ಲ. ಸರಸರನೆ ಉರುಳುವ ಎತ್ತರದ ಅಂಕಿಗಳ ಹಿಂದೆ ಮಾತ್ರ ನೆರಳಿನಂಥ ಗೀರು ಉಳಿಯಬಹುದು.

ಗ್ರಾಫಿಕ್ಸ್ ಕಾರ್ಡಿನ ಲೆಕ್ಕವನ್ನೂ ಮರೆಯುವಂತಿಲ್ಲ. ಫುಲ್ ಎಚ್‌ಡಿ ಎಂದರೆ 20.7 ಲಕ್ಷ ಚುಕ್ಕಿ, ಕ್ಯೂಎಚ್‌ಡಿ 36.9 ಲಕ್ಷ, 4ಕೆ 82.9 ಲಕ್ಷ. ಹಳೆಯ ಕಾರ್ಡಿಗೆ 4ಕೆ ಮಾನಿಟರ್ ತಂದು ಜೋಡಿಸಿ, ಚಿತ್ರ ತಡವರಿಸುತ್ತದೆ ಎಂದು ರೆಂಡರ್ ಸ್ಕೇಲ್ ಇಳಿಸಿದರೆ ಬಂದ ದಾರಿಗೆ ಸುಂಕವಿಲ್ಲ ಎಂಬಂತಾಗುತ್ತದೆ. ಮಧ್ಯಮ ಕಾರ್ಡ್ ಇರುವವರಿಗೆ 27 ಇಂಚಿನ ಕ್ಯೂಎಚ್‌ಡಿ ಹದವಾದ ಜೋಡಿ. ಕಾರ್ಡ್ ಗಟ್ಟಿಯಿದ್ದರೆ 32 ಇಂಚಿನ 4ಕೆ: ಇಂಚಿಗೆ ಸುಮಾರು 138 ಚುಕ್ಕಿ, ಅಕ್ಷರಗಳು ಕೊರೆದಿಟ್ಟ ಹಾಗೆ.

ಇಷ್ಟೆಲ್ಲ ಆದರೂ ಮೂಲ ಇಕ್ಕಟ್ಟು ಉಳಿದೇ ಇದೆ. ನಮ್ಮ ಮನೆಯ ಒಂದೇ ಪರದೆ ಕಿಟಕಿಯೂ ಆಗಬೇಕು, ಮೀಟರ್ ಫಲಕವೂ ಆಗಬೇಕು. ವಿಮಾನಯಾನ ಕಂಪನಿಗಳ ಪೈಲಟ್‌ಗಳು ತರಬೇತಿ ಪಡೆಯುವ ಫುಲ್ ಫ್ಲೈಟ್ ಸಿಮ್ಯುಲೇಟರ್‌ಗಳಲ್ಲಿ ಈ ಎರಡು ಕೆಲಸಗಳನ್ನು ಒಂದೇ ಪರದೆಗೆ ಹೊರಿಸುವುದಿಲ್ಲ. ಅಲ್ಲಿ ಹೊರಗಿನ ನೋಟಕ್ಕೆ ಪ್ರೊಜೆಕ್ಟರುಗಳು ಬೇರೆ. ಕಾಕ್‌ಪಿಟ್ಟಿನ ಉಪಕರಣಗಳು ಅಸಲಿ ಗಾತ್ರದಲ್ಲಿ, ಅಸಲಿ ಜಾಗದಲ್ಲಿ ಪ್ರತ್ಯೇಕವಾಗಿ ಕೂತಿರುತ್ತವೆ.

ಅದೇ ಉಪಾಯ ನಮಗೂ ಸಾಧ್ಯ. ಮೈಕ್ರೋಸಾಫ್ಟ್ ಸಿಮ್ಯುಲೇಟರಿನಲ್ಲಿ ಬಲಗಡೆಯ ಆಲ್ಟ್ ಕೀ ಒತ್ತಿ ಹಿಡಿದು ಜಿ1000ದ ಮೇಲೆ ಕ್ಲಿಕ್ ಮಾಡಿದರೆ ಅದು ಬೇರೆಯೇ ವಿಂಡೋ ಆಗಿ ಹೊರಬರುತ್ತದೆ. ಎಕ್ಸ್-ಪ್ಲೇನ್‌ನಲ್ಲೂ ಇಂಥ ಸೌಲಭ್ಯವಿದೆ. ಅದನ್ನು ಎಳೆದು ಎರಡನೆಯ ಮಾನಿಟರಿಗೆ ಹಾಕಿ. ಅಟ್ಟದ ಮೇಲೆ ಧೂಳು ತಿನ್ನುತ್ತಿರುವ 19 ಇಂಚಿನ 1280×1024 ಮಾನಿಟರ್ ಇದ್ದರೆ ಸಾಕು. ಜಿ1000ದ ಒಂದೊಂದು ಚುಕ್ಕಿಗೂ ಅಲ್ಲಿ ಜಾಗವಿದೆ. 640 ಚುಕ್ಕಿ ಕೊಡುವ ದುಬಾರಿ 4ಕೆಗಿಂತ ಪ್ಯಾನೆಲ್ ಇಲ್ಲಿ ಸ್ಪಷ್ಟ. ಚಿತ್ರದ ವೇಗ ಸ್ವಲ್ಪ ಇಳಿಯುತ್ತದೆ, ವಿಂಡೋಗಳನ್ನು ಆಗಾಗ ಮತ್ತೆ ಜೋಡಿಸಿಕೊಳ್ಳಬೇಕಾಗುತ್ತದೆ. ಆದರೂ ನಷ್ಟದ ವ್ಯಾಪಾರವಲ್ಲ.

ಎರಡನೆಯ ಮಾನಿಟರಿಗೆ ಮೇಜಿನ ಮೇಲೆ ಜಾಗವಿಲ್ಲದವರು ವಿಮಾನವನ್ನೇ ಬದಲಿಸಬಹುದು. ಹಳೆಯ ಮುಳ್ಳಿನ ಮೀಟರುಗಳನ್ನು ಓದುವುದು ಅಂಕಿಯಿಂದಲ್ಲ, ಮುಳ್ಳು ಎತ್ತ ಮುಖ ಮಾಡಿದೆ ಎಂಬುದರಿಂದ. ಗೋಡೆ ಗಡಿಯಾರದ ಅಂಕಿ ಮಾಸಿಹೋಗಿದ್ದರೂ ನಮಗೆ ಗಂಟೆ ಗೊತ್ತಾಗುತ್ತದಲ್ಲ, ಹಾಗೆ. ಕೆಲವೇ ಚುಕ್ಕಿಗಳಲ್ಲೂ ಮುಳ್ಳು ಕಾಣುತ್ತದೆ. ಎಕ್ಸ್-ಪ್ಲೇನ್ 12ರಲ್ಲಿ ಸೆಸ್ನಾ 172ರ ಎರಡೂ ಬಗೆಗಳಿವೆ. ಪುಕ್ಕಟೆ ಸಿಗುವ ಫ್ಲೈಟ್‌ಗಿಯರ್‌ನಲ್ಲಿ ಮುಳ್ಳಿನ ಸೆಸ್ನಾ 172 ಪಿ ಇದೆ.

ಹೊಸ ಮಾನಿಟರ್ ಕೊಳ್ಳುವುದೇ ಎಂದಾದರೆ ಕೆಲವು ಮಾತು. ಐಪಿಎಸ್ ಪ್ಯಾನೆಲ್ ಬದಿಯಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ರಾತ್ರಿ ಹಾರಾಟದ ಕಪ್ಪು ವಿಎ ಪ್ಯಾನೆಲ್‌ನಲ್ಲಿ ಹೆಚ್ಚು ಗಾಢ, ಆದರೆ ಕತ್ತಲೆಯ ಚಿತ್ರ ಚಲಿಸುವಾಗ ಮಸಿ ಬಳಿದಂತಾಗಬಹುದು. ಓಎಲ್‌ಇಡಿ ನೋಡಲು ಬಲು ಚೆಂದ. ಆದರೆ ನಮ್ಮ ಫಲಕ ಗಂಟೆಗಟ್ಟಲೆ ಒಂದೇ ಜಾಗದಲ್ಲಿ ನಿಲ್ಲುವಂಥದ್ದು, ಕಲೆ ಉಳಿಯುವ ಅಪಾಯವುಂಟು. 144 ಹರ್ಟ್ಸ್‌ಗಾಗಿ ಹೆಚ್ಚು ದುಡ್ಡು ಸುರಿಯಬೇಡಿ. ಸಿಮ್ಯುಲೇಟರ್ ಬಹುತೇಕ ಮನೆಗಳಲ್ಲಿ ಸೆಕೆಂಡಿಗೆ 30ರಿಂದ 60 ಚಿತ್ರಗಳಲ್ಲೇ ಓಡುತ್ತದೆ. 43 ಇಂಚಿನ 4ಕೆ ಟೀವಿ ಅಗ್ಗವೆಂದು ಕೊಳ್ಳುವವರು ಅದು 4:4:4 ಸಿಗ್ನಲ್ ತೆಗೆದುಕೊಳ್ಳುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ಕಪ್ಪು ಹಿನ್ನೆಲೆಯ ಕೆಂಪು, ನೇರಳೆ ಅಕ್ಷರಗಳ ಅಂಚು ಕದಡಿಹೋಗುತ್ತದೆ, ಜಿ1000ದಲ್ಲಿ ಅಂಥವು ಬೇಕಾದಷ್ಟಿವೆ.

ಪುಣೆಯ ತಪಕೀರ ಗಲ್ಲಿ ಇರಲಿ, ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ಬೆಂಗಳೂರಿನ ಎಸ್.ಪಿ. ರೋಡ್ ಇರಲಿ, ಅಂಗಡಿಯವರು ಹಾಕಿ ತೋರಿಸುವ ಹೂವು, ಜಲಪಾತದ ವಿಡಿಯೋ ನೋಡಿ ಮರುಳಾಗಬೇಡಿ. ಪೆನ್‌ಡ್ರೈವಿನಲ್ಲಿ ಕಾಕ್‌ಪಿಟ್ಟಿನ ಒಂದು ಚಿತ್ರ ಒಯ್ಯಿರಿ. ಅದು ಆ ಮಾನಿಟರಿನ ರೆಸಲ್ಯೂಷನ್ನಿನಲ್ಲೇ ತೆಗೆದದ್ದಾಗಿರಬೇಕು. ಫುಲ್ ಎಚ್‌ಡಿ ಚಿತ್ರವನ್ನು 4ಕೆಯಲ್ಲಿ ಹಿಗ್ಗಿಸಿದರೆ ಪರೀಕ್ಷೆ ಆಗುವುದಿಲ್ಲ. ಮನೆಯ ಮೇಜಿನಿಂದ ನಿಮ್ಮ ಕಣ್ಣಿಗೆ ಎಷ್ಟು ದೂರವೋ ಅಷ್ಟೇ ದೂರ ನಿಲ್ಲಿ. ಕನ್ನಡಕ ಇದ್ದರೆ ಹಾಕಿಕೊಳ್ಳಿ. ಕತ್ತು ಚಾಚದೆ ವೇಗ, ಎತ್ತರ ಎರಡನ್ನೂ ಓದಲು ಬಂದರೆ ಮಾತ್ರ ಬಿಲ್ ಮಾಡಿಸಿ.