ಅಟ್ಟದ ಮೇಲಿನ ಹಳೆಯ ರೂಟರ್

ಜೇವರ್ಗಿ ತಾಲ್ಲೂಕಿನ ನೆಲೋಗಿ ಎಂದೊಡನೆ ಹಲವರಿಗೆ ನೆನಪಾಗುವುದು 2004ರಿಂದ 2006ರವರೆಗೆ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎನ್. ಧರ್ಮಸಿಂಗ್ ಅವರ ಊರು ಎಂದು. ಈ ವಾರ ನಮಗೆ ಬೇಕಾದದ್ದು ಅಲ್ಲಿನ ರಾಜಕಾರಣವಲ್ಲ, ಗೋಡೆಗಳು. ನೆಲೋಗಿಯಲ್ಲಷ್ಟೇ ಅಲ್ಲ, ಜೇವರ್ಗಿ, ಅಫಜಲಪುರ, ಆಳಂದ ಸೀಮೆಯ ಹಳ್ಳಿಗಳ ಹಳೆಯ ಮನೆಗಳಲ್ಲಿ ಇಂಥ ಗೋಡೆಗಳು ಇನ್ನೂ ಉಂಟು. ಕಲ್ಲು ಮಣ್ಣು ಸೇರಿಸಿ ಕಟ್ಟಿದ, ಎರಡು ಅಡಿ ದಪ್ಪದ ಗೋಡೆ. ಮೇಲೆ ಮಣ್ಣಿನ ಮಾಳಿಗೆ, ನೆಲಕ್ಕೆ ಶಹಾಬಾದ್ ಫರಸಿ. ಮೇ ತಿಂಗಳಲ್ಲಿ ಹೊರಗೆ ನೆತ್ತಿ ಸುಡುತ್ತಿದ್ದರೂ ಒಳಗೆ ತಂಪು.

ಬಿಸಿಲನ್ನು ತಡೆಯುವ ಈ ಗೋಡೆಯೇ ವೈ–ಫೈಯನ್ನೂ ತಡೆಯುತ್ತದೆ ಎಂಬುದು ಇಂಟರ್ನೆಟ್ ಸಂಪರ್ಕ ಬಂದ ಮೇಲೆ ತಿಳಿಯುತ್ತದೆ.

ಇಂಥದೊಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಕೇಬಲ್ ಎಳೆಯಲು ಬಂದ ಹುಡುಗ ರೂಟರನ್ನು ಬಾಗಿಲ ಪಕ್ಕ ಪಡಸಾಲೆಯ ಮೊಳೆಗೆ ನೇತುಹಾಕಿ ಹೋಗಿರುತ್ತಾನೆ. ಪಡಸಾಲೆಯಲ್ಲಿ ಕುಳಿತವರಿಗೆ ನೆಟ್ ಭರಪೂರ. ಪಿಯುಸಿ ಓದುವ ಮಗಳ ಮೇಜು ಇರುವುದು ಅಡುಗೆಮನೆಯ ಆಚೆ, ಹಿಂದಿನ ಕೋಣೆಯಲ್ಲಿ. ನಡುವೆ ಎರಡು ಗೋಡೆ, ತೊಗರಿ ಚೀಲದ ಒಟ್ಟಿಲು, ಒಂದು ಕಬ್ಬಿಣದ ತಿಜೋರಿ. ಬಂದುಹೋಗುವ ಗಂಡಸರ ನಡುವೆ ಪಡಸಾಲೆಯಲ್ಲಿ ಕುಳಿತು ಅವಳು ಪಾಠ ಕೇಳಬೇಕೆಂದರೆ ಆಗದ ಮಾತು. 2020ರಲ್ಲಿ ಶಾಲೆ ಮುಚ್ಚಿ ಪಾಠವೆಲ್ಲ ಫೋನಿಗೆ ಬಂದಾಗ ಅನೇಕ ಮನೆಗಳಲ್ಲಿ ಹೀಗೆಯೇ ಆಯಿತು. ಮನೆಗೆ ನೆಟ್ ಇತ್ತು, ಓದುವವರಿಗೆ ಇರಲಿಲ್ಲ. ತಿಂಗಳ ಬಾಡಿಗೆ ಕಟ್ಟುವ ತಂದೆಗೆ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಅವರು ಕೂಡುವುದು ಪಡಸಾಲೆಯಲ್ಲಿ!

ಗೋಡೆ ದಾಟಲು ವೈ–ಫೈಗೆ ಏಕೆ ಇಷ್ಟು ಕಷ್ಟ? ಅದೂ ರೇಡಿಯೋ ಅಲೆಯೇ. ಆದರೆ ಕಲಬುರಗಿ ಆಕಾಶವಾಣಿಯ ಮಧ್ಯಮ ತರಂಗದ ಅಲೆ ನೂರಾರು ಮೀಟರ್ ಉದ್ದದ್ದು, ಊರು ಕೇರಿಗಳನ್ನು ಬಳಸಿಕೊಂಡು ಬರುತ್ತದೆ. ವೈ–ಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್, ಅಂದರೆ ಒಂದು ಗೇಣಿಗೂ ಕಡಿಮೆ. 5 ಗಿಗಾಹರ್ಟ್ಸ್‌ನದು ಅದರ ಅರ್ಧದಷ್ಟು, ಅದಕ್ಕೆ ಗೋಡೆಯೆಂದರೆ ಇನ್ನೂ ಭಯ. ಕಲ್ಲಿನಲ್ಲಿ, ಹಸಿ ಮಣ್ಣಿನಲ್ಲಿ ಅಲೆಯ ಶಕ್ತಿ ಶಾಖವಾಗಿ ಕರಗಿಹೋಗುತ್ತದೆ. ಕಬ್ಬಿಣವಾದರೆ ಹಿಂದಕ್ಕೇ ತಳ್ಳುತ್ತದೆ. ಮಳೆಗಾಲದಲ್ಲಿ ಗೋಡೆ ತೇವ ಕುಡಿದಾಗ ಸಿಗ್ನಲ್ ಇನ್ನಷ್ಟು ಸೊರಗುವುದಕ್ಕೂ ಇದೇ ಕಾರಣ.

ಅಂಗಡಿಯವರು ಇದಕ್ಕೆ ರಿಪೀಟರ್ ಎಂಬ ಸಾಧನವನ್ನು ಕೊಡುತ್ತಾರೆ. ಅದು ಕೇಳಿದ್ದನ್ನು ಮತ್ತೆ ಕೂಗಿ ಹೇಳುವ ಯಂತ್ರ. ಕೇಳುವುದಕ್ಕೂ ಹೇಳುವುದಕ್ಕೂ ಒಂದೇ ಬಾಯಿ ಇದ್ದರೆ ವೇಗ ಅರ್ಧಕ್ಕೆ ಇಳಿಯುತ್ತದೆ. ಅದು ಹೇಗೋ ಸಹಿಸಬಹುದು. ದೊಡ್ಡ ತೊಂದರೆಯೆಂದರೆ, ಗೋಡೆಯ ಆಚೆ ಇಟ್ಟ ರಿಪೀಟರಿಗೂ ಮೊದಲ ರೂಟರಿನ ಮಾತು ಕೇಳಿಸಬೇಕಲ್ಲ! ಕಿವುಡನ ಮೂಲಕ ಸುದ್ದಿ ಕಳಿಸಿದ ಹಾಗೆ. ಇಟ್ಟಿಗೆಯ ತೆಳು ಗೋಡೆಯ ಪೇಟೆ ಮನೆಗೆ ಅದು ಸರಿ. ಕಲ್ಲಿನ ಮನೆಗೆ ಆ ಹಣ ಹಾಕಬೇಡಿ ಎಂದೇ ನನ್ನ ಸಲಹೆ.

ಗಾಳಿಯಲ್ಲಿ ದಾಟದ್ದನ್ನು ತಂತಿಯಲ್ಲಿ ದಾಟಿಸಬೇಕು. ಆಚೆಯ ಕೋಣೆಯಲ್ಲಿ ಅದನ್ನು ಮತ್ತೆ ಗಾಳಿಗೆ ಬಿಡಲು ಇನ್ನೊಂದು ಪೆಟ್ಟಿಗೆ ಬೇಕು. ಇದಕ್ಕೆ ಆಕ್ಸೆಸ್ ಪಾಯಿಂಟ್ ಎಂದು ಹೆಸರು. ಹೊಸದನ್ನು ಕೊಳ್ಳುವ ಮುಂಚೆ ಒಮ್ಮೆ ಅಟ್ಟ ಹತ್ತಿ ನೋಡಿ. ಬಿಎಸ್ಸೆನ್ನೆಲ್ ಬ್ರಾಡ್‌ಬ್ಯಾಂಡ್ ಶುರುವಾದದ್ದು 2005ರ ಜನವರಿಯಲ್ಲಿ. 2.4 ಗಿಗಾಹರ್ಟ್ಸ್ ಅಲೆಗಳನ್ನು ಮನೆಯ ಒಳಗೂ ಹೊರಗೂ ಲೈಸೆನ್ಸ್ ಇಲ್ಲದೆ ಬಳಸಬಹುದೆಂದು ಕೇಂದ್ರ ಸರ್ಕಾರ ಹೇಳಿದ್ದೂ ಅದೇ ತಿಂಗಳಲ್ಲಿ. ಆಮೇಲೆ ಟೆಲಿಫೋನ್ ತಂತಿಯ ಹಿಂದೆ ಮನೆಮನೆಗೆ ಬಂದ ವೈ–ಫೈ ಮೋಡೆಮ್‌ಗಳು, ಫೈಬರ್ ಬಂದ ಮೇಲೆ ಹಳೆಯ ಪಠ್ಯಪುಸ್ತಕಗಳ ಜೊತೆ ಮೂಲೆ ಸೇರಿವೆ. ಹಿಂಬದಿಯಲ್ಲಿ ಲ್ಯಾನ್ ಎಂದು ಬರೆದ ನಾಲ್ಕು ಕಿಂಡಿಗಳಿದ್ದು, ವೈ–ಫೈ ದೀಪ ಹತ್ತಿದರೆ ಸಾಕು, ಅದು ಕೆಲಸಕ್ಕೆ ಬರುತ್ತದೆ. ಟೆಲಿಫೋನ್ ಕಿಂಡಿ ಸತ್ತಿದ್ದರೂ ಚಿಂತೆಯಿಲ್ಲ, ನಮಗೆ ಅದು ಬೇಡ.

ಈಗ ತಂತಿ. ಅಂಗಡಿಯಲ್ಲಿ 'ಕ್ಯಾಟ್ ಫೈವ್ ಇ' ಎಂದು ಕೇಳಿ, ಎರಡೂ ತುದಿಗೆ ಪ್ಲಗ್ ಹಾಕಿಸಿ ತನ್ನಿ. ನೂರು ಮೀಟರ್‌ವರೆಗೆ ನಡೆಯುತ್ತದೆ, ಆದ್ದರಿಂದ ಹತ್ತಿರದ ದಾರಿಯೇ ಬೇಕೆಂದಿಲ್ಲ, ಸುತ್ತು ಹಾಕಿದರೂ ಆದೀತು. ಎರಡಡಿ ಗೋಡೆಗೆ ತೂತು ಹೊಡೆಯುವ ಸಾಹಸಕ್ಕೆ ಹೋಗಬೇಡಿ. ಮಣ್ಣಿನ ಗೋಡೆ ಒಳಗೊಳಗೇ ಉದುರಿ ಬೇರೆ ಖರ್ಚು ಹಚ್ಚುತ್ತದೆ. ಬಾಗಿಲ ಚೌಕಟ್ಟಿನ ಮೇಲಿನಿಂದ ಹಾಯಿಸಿ. ಅದಾಗದಿದ್ದರೆ ನಮ್ಮ ಹಿರಿಯರು ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿ ಇದೆಯಲ್ಲ, ಒಂದರಿಂದ ಹತ್ತಿ ಇನ್ನೊಂದರಿಂದ ಇಳಿಯಬಹುದು. ಆದರೆ ಮಾಳಿಗೆಯ ಮೇಲೆ ಬಯಲಿಗೆ ಬಿದ್ದ ತಾಮ್ರದ ತಂತಿ ಸಿಡಿಲಿಗೆ ಆಹ್ವಾನ ಎಂಬುದು ನೆನಪಿರಲಿ. ಹತ್ತಿರದಲ್ಲೆಲ್ಲೋ ಬಿದ್ದ ಸಿಡಿಲೂ ಎರಡೂ ಪೆಟ್ಟಿಗೆಗಳನ್ನು ಸುಡಬಲ್ಲದು. ಆದಷ್ಟೂ ಮನೆಯೊಳಗಿನ ದಾರಿಯನ್ನೇ ಹುಡುಕಿ. ಮೇಲಿನಿಂದಲೇ ತರಬೇಕಾದರೆ ಗುಡುಗು ದೂರದಲ್ಲಿರುವಾಗಲೇ ಎರಡೂ ಕಡೆ ಪ್ಲಗ್ ಕಿತ್ತಿಡಿ. ಗುಡುಗು ತಲೆಯ ಮೇಲೆ ಬಂದ ನಂತರ ತಂತಿ ಮುಟ್ಟಬೇಡಿ.

ತಂತಿ ಬಂತೆಂದು ಕೂಡಲೇ ಜೋಡಿಸಬೇಡಿ. ನಾನು ಮೊದಲ ಸಲ ಹಾಗೆ ಜೋಡಿಸಿ, ಹಿಂದಿನ ಕೋಣೆಗೆ ನೆಟ್ ಬರುವುದಿರಲಿ, ಇಡೀ ಮನೆಯ ನೆಟ್ಟನ್ನು ಒಂದು ಸಂಜೆ ಕಳೆದುಕೊಂಡೆ. ಕಾರಣ ಇಷ್ಟೆ. ಮನೆಯ ಪ್ರತಿ ಫೋನಿಗೂ ಕಂಪ್ಯೂಟರಿಗೂ ಒಂದೊಂದು ಸಂಖ್ಯೆ ಬೇಕು. ಅದು ಐಪಿ ವಿಳಾಸ. ಅದನ್ನು ಹಂಚುವ ಕೆಲಸ ರೂಟರಿನದು, ಅದಕ್ಕೆ ಡಿಎಚ್‌ಸಿಪಿ ಎನ್ನುತ್ತಾರೆ. ಊರಿನ ಹೊಲಗಳಿಗೆ ತಲಾಠಿ ಸರ್ವೆ ನಂಬರಿನ ಲೆಕ್ಕ ಇಟ್ಟ ಹಾಗೆ. ಒಂದೇ ಊರಿಗೆ ಇಬ್ಬರು ತಲಾಠಿಗಳು ಬಂದು, ಒಬ್ಬರಿಗೊಬ್ಬರು ಕೇಳದೆ ನಂಬರ್ ಕೊಡತೊಡಗಿದರೆ ಏನಾದೀತು? ಒಂದೇ ನಂಬರಿಗೆ ಇಬ್ಬರು ವಾರಸುದಾರರು, ಮುಂದೆ ಬರೀ ತಂಟೆ. ಆದ್ದರಿಂದ ಎರಡನೆಯ ಪೆಟ್ಟಿಗೆಯ ತಲಾಠಿಯನ್ನು ಮೊದಲು ಮನೆಗೆ ಕಳಿಸಬೇಕು.

ಅದು ಹೀಗೆ. ಹಳೆಯ ಪೆಟ್ಟಿಗೆಗೆ ಕರೆಂಟ್ ಕೊಟ್ಟು, ಹಿಂಬದಿಯ ರೀಸೆಟ್ ಎಂಬ ಸಣ್ಣ ತೂತಿನಲ್ಲಿ ಪಿನ್ನಿನಿಂದ ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಹಳೆಯ ನೆನಪೆಲ್ಲ ಅಳಿಯುತ್ತದೆ. ಅದೊಂದಕ್ಕೇ ಕಂಪ್ಯೂಟರ್ ಜೋಡಿಸಿ, ಬ್ರೌಸರಿನಲ್ಲಿ ಪೆಟ್ಟಿಗೆಯ ಅಡಿ ಚೀಟಿಯಲ್ಲಿ ಬರೆದ ವಿಳಾಸವನ್ನು ಕೊಡಿ. ಸಾಮಾನ್ಯವಾಗಿ ಅದು 192.168.1.1 ಇರುತ್ತದೆ. ಹೆಸರು, ಗುಪ್ತಪದ ಕೂಡ ಅದೇ ಚೀಟಿಯಲ್ಲಿರುತ್ತವೆ. ಒಳಗೆ ಹೋದ ಮೇಲೆ ವೈರ್‌ಲೆಸ್ ವಿಭಾಗದಲ್ಲಿ ಪಡಸಾಲೆಯ ರೂಟರಿಗೆ ಇರುವ ಹೆಸರನ್ನೂ ಗುಪ್ತಪದವನ್ನೂ ಹಾಗೆಯೇ ಇಲ್ಲಿಯೂ ಬರೆಯಿರಿ. ರಕ್ಷಣೆಗೆ 2004ರಲ್ಲಿ ಬಂದ ಡಬ್ಲ್ಯೂಪಿಎ–2 ಅಥವಾ ಅದಕ್ಕಿಂತ ಹೊಸದನ್ನೇ ಆರಿಸಿ. ಪೆಟ್ಟಿಗೆಯಲ್ಲಿ ಬರೀ 'ವೆಪ್' ಇದ್ದರೆ ಅದನ್ನು ಗುಜರಿಗೆ ಕೊಡಿ, ಆ ಬೀಗ 2001ರಲ್ಲೇ ಮುರಿದಿದೆ. ಚಾನೆಲ್ ಸಂಖ್ಯೆ ಮಾತ್ರ ಬೇರೆಯಿರಲಿ. 1, 6, 11 ಇವು ಒಂದರ ಮೇಲೊಂದು ಬೀಳುವುದಿಲ್ಲ. ಅಲ್ಲಿ 1 ಇದ್ದರೆ ಇಲ್ಲಿ 6 ಇಡಿ.

ನಂತರ ಲ್ಯಾನ್ ವಿಭಾಗ. ಪಡಸಾಲೆಯ ರೂಟರಿನ ವಿಳಾಸ 192.168.1.1 ಆಗಿದ್ದರೆ ಇದಕ್ಕೆ 192.168.1.2 ಎಂದು ಬದಲಿಸಿ. ಮೊದಲ ಮೂರು ಅಂಕಿಗಳು ಎರಡಕ್ಕೂ ಒಂದೇ ಇರಬೇಕು, ಕೊನೆಯದು ಬೇರೆಯಿರಬೇಕು. ಮೊದಲ ರೂಟರ್ 2ರಿಂದಲೇ ಹಂಚುತ್ತಿದ್ದರೆ ಅಲ್ಲಿಗೆ ಹೋಗಿ 10ರಿಂದ ಹಂಚುವಂತೆ ಮಾಡಿ. ಕೊನೆಯಲ್ಲಿ ಡಿಎಚ್‌ಸಿಪಿಯನ್ನು ನಿಲ್ಲಿಸಿ, ಸೇವ್ ಮಾಡಿ. ಪೆಟ್ಟಿಗೆಯ ಒಳಹೊಗುವ ಗುಪ್ತಪದವನ್ನೂ ಈಗಲೇ ಬದಲಿಸಿ ಒಂದು ಕಡೆ ಬರೆದಿಡಿ. ಕೆಲವು ರೂಟರುಗಳಲ್ಲಿ 'ಆಕ್ಸೆಸ್ ಪಾಯಿಂಟ್ ಮೋಡ್' ಎಂಬ ಆಯ್ಕೆಯೇ ಇರುತ್ತದೆ. ಅದನ್ನು ಒತ್ತಿದರೆ ವಿಳಾಸದ, ಹಂಚಿಕೆಯ ತಂಟೆಯನ್ನು ಅದೇ ನೋಡಿಕೊಳ್ಳುತ್ತದೆ.

ಈಗ ತಂತಿ ಸಿಕ್ಕಿಸಿ. ಪಡಸಾಲೆಯ ಲ್ಯಾನ್ ಕಿಂಡಿಯಿಂದ ಹೊರಟ ತಂತಿ ಇಲ್ಲಿಯೂ ಲ್ಯಾನ್ ಕಿಂಡಿಗೇ ಬರಬೇಕು. ಬೇರೆ ಬಣ್ಣದಲ್ಲಿ ಒಂಟಿಯಾಗಿ ಕಾಣುವ ವ್ಯಾನ್ ಕಿಂಡಿಗೆ ಹಾಕಬೇಡಿ, ಅದು ಆಕ್ಸೆಸ್ ಪಾಯಿಂಟ್ ಮೋಡ್ ಇದ್ದವಕ್ಕೆ ಮಾತ್ರ. ಫೋನಿನ ವೈ–ಫೈಯನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಿ. ಕೆಲವು ಫೋನುಗಳು ಹಳೆಯ ಗೆಳೆತನ ಬಿಡದೆ, ಹಿಂದಿನ ಕೋಣೆಗೆ ಬಂದರೂ ಪಡಸಾಲೆಯ ಸೊರಗಿದ ಸಿಗ್ನಲ್ಲನ್ನೇ ಹಿಡಿದು ಜೋತಾಡುತ್ತವೆ. ಹಳೆಯ ಪೆಟ್ಟಿಗೆಯ ಲ್ಯಾನ್ ಕಿಂಡಿ ಹೆಚ್ಚೆಂದರೆ ಸೆಕೆಂಡಿಗೆ 100 ಮೆಗಾಬಿಟ್ ದಾಟಿಸೀತು, ಗಾಳಿಯಲ್ಲಿ ಅದಕ್ಕಿಂತ ಕಡಿಮೆ. ವಿಡಿಯೋ ಪಾಠಕ್ಕೆ ನಾಲ್ಕೈದು ಮೆಗಾಬಿಟ್ ಸಾಕು.

ಮಕ್ಕಳ ಕೋಣೆಗೆ ನೆಟ್ ಕೊಟ್ಟರೆ ರಾತ್ರಿಯೆಲ್ಲ ಅದರಲ್ಲೇ ಇರುತ್ತಾರೆ ಎಂದು ಕೆಲವು ತಂದೆತಾಯಿಗಳು ಹಿಂಜರಿಯುವುದುಂಟು. ಭಯ ಸುಳ್ಳಲ್ಲ. ಆದರೆ ಈ ಪೆಟ್ಟಿಗೆಗೆ ತನ್ನದೇ ಸ್ವಿಚ್ ಇದೆ. ಹತ್ತು ಗಂಟೆಗೆ ಆರಿಸುವುದೆಂದು ಮಗಳೊಡನೆ ಕುಳಿತು ಗೊತ್ತುಮಾಡಿಕೊಂಡರೆ ಆಯಿತು. ಅದೇ ನಿಯಮ ಪಡಸಾಲೆಯಲ್ಲಿ ಮೊಬೈಲ್ ಹಿಡಿದು ಕುಳಿತ ಮಗನಿಗೂ ಇರಬೇಕು. ಅವನನ್ನು ಕೇಳುವವರು ಕಡಿಮೆ, ಅದಕ್ಕಾಗಿ ಹೇಳಿದೆ.

ಒಂದು ಮಾತು ಉಳಿಯಿತು. ಅಟ್ಟದಿಂದ ಪೆಟ್ಟಿಗೆ ಸಿಕ್ಕಿ ಅದರ ಅಡಾಪ್ಟರ್ ಸಿಗದಿದ್ದರೆ, ಕೈಗೆ ಸಿಕ್ಕ ಯಾವುದೋ ಒಂದನ್ನು ಚುಚ್ಚಬೇಡಿ. ಕೆಲವು 9 ವೋಲ್ಟಿನವು, ಕೆಲವು 12. ಚೀಟಿಯಲ್ಲಿ ಬರೆದಷ್ಟೇ ವೋಲ್ಟ್, ಬರೆದಷ್ಟು ಅಥವಾ ಅದಕ್ಕಿಂತ ಹೆಚ್ಚು ಆಂಪಿಯರ್ ಇರುವುದನ್ನು ತನ್ನಿ. ಪಿನ್ನಿನ ಒಳಗೆ ಧನ, ಹೊರಗೆ ಋಣ ಎಂಬ ಗುರುತೂ ಹೊಂದಬೇಕು. ಕರೆಂಟ್ ಹೋದಾಗ ಎರಡೂ ಪೆಟ್ಟಿಗೆಗಳಿಗೆ ಜೀವ ಬೇಕೆಂಬುದನ್ನೂ ಮರೆಯಬೇಡಿ. ಪಡಸಾಲೆಯದಕ್ಕೆ ಮಾತ್ರ ಇನ್ವರ್ಟರ್ ಇದ್ದು ಹಿಂದಿನ ಕೋಣೆಯ ಪ್ಲಗ್ಗಿಗೆ ಇಲ್ಲದಿದ್ದರೆ, ಪರೀಕ್ಷೆಯ ಹಿಂದಿನ ರಾತ್ರಿ ಅವಳು ಮತ್ತೆ ಬಾಗಿಲ ಬಳಿ ನಿಂತು ಸಿಗ್ನಲ್ ಹುಡುಕಬೇಕಾಗುತ್ತದೆ.